ತಾಳಕ್ಕೆ ಎಷ್ಟು ಮಾರ್ಕ್ಸ್‌ರೀ?

ದಿಗ್ಗೇವಾಡಿಯ ಹುಡುಗ ಕೃಷ್ಣಾ ನದಿಯಲ್ಲಿ ಈಜಲಿ, ಭಜನೆಯಲ್ಲಿ ತಾಳ ಹಾಕಲಿ, ಶ್ರೀಕೃಷ್ಣ ಪಾರಿಜಾತ ಬಯಲಾಟದ ಮುಂದೆ ಬೆಳತನಕ ಕೂಡಲಿ. ಯಾರದೂ ತಕರಾರಿಲ್ಲ. ಹತ್ತನೇ ತರಗತಿಯವರೆಗೆ. ಪಿಯು ವಿಜ್ಞಾನಕ್ಕೆ ಹೆಸರು ಹಚ್ಚಿದ ಮೇಲೆ ಅವೆಲ್ಲ ಚಟ. 'ಡಾಕ್ಟರ್ ಆಗಾಂವ ತಾಳ ಬಡಕೋತ ಕುಂತ್ರ ಹೆಂಗಪಾ?'

ಅಪ್ಪನ ಲೆಕ್ಕ ತಪ್ಪಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಉತ್ತರ ಸರಿ ಇದ್ದರೆ ನಾಲ್ಕು, ತಪ್ಪಿದರೆ ಒಂದು ಕಟ್. ತಾಳ ತಪ್ಪಿದರೂ ಸೊನ್ನೆ, ತಪ್ಪದಿದ್ದರೂ ಸೊನ್ನೆ.

ಹಾಗಂತ ಸರಕಾರಕ್ಕೆ ಆಟದ ಮೇಲೆ ಪ್ರೀತಿ ಇಲ್ಲವೇ? ಇದೆ. ಸಿಇಟಿ ಅರ್ಜಿಯಲ್ಲಿ ಕ್ರೀಡೆಗೆ, ಎನ್‌ಸಿಸಿಗೆ ವಿಶೇಷ ಕೋಟಾ ಇದೆ. ಕಾಗದ ತಾ, ಸೀಟು ಕೇಳು. ಸೀಲು ಬಿದ್ದರೆ ಪ್ರತಿಭೆ, ಬೀಳದಿದ್ದರೆ ಪುಂಡಾಟ. ಕೃಷ್ಣೆ ಈಜಿದವರಿಗೆ ಸೀಲು ಹಾಕಿ ಕೊಡುವುದಿಲ್ಲ. ಅದು ಅವಳ ತಪ್ಪು.

'ಹವ್ಯಾಸಕ್ಕೂ ಅಂಕ ಕೊಡಬೇಕು' ಎಂದು ಭಾಷಣ ಬಿಗಿಯುವವರಿದ್ದಾರೆ. ಸ್ವಾಮಿ, ಅದೂ ಆಗಿ ಹೋಗಿದೆ. 1963ರಲ್ಲಿ ಮೈಸೂರು ಸರಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಸಂದರ್ಶನ ಇಟ್ಟಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟು ಅದಕ್ಕೇ ಮೀಸಲು. ಕ್ರೀಡೆ, ಸಮಾಜಸೇವೆ, ಚರ್ಚೆ, ನಾಟಕ ಎಲ್ಲಕ್ಕೂ ಬೆಲೆ. ಪ್ರಶ್ನಿಸಿದವರು ಕೋರ್ಟಿಗೆ ಹೋದರು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿಹಿಡಿಯಿತು.

ಆದರೆ ಚರ್ಚಾಸ್ಪರ್ಧೆಯ ಕಪ್ಪು ಗೆಲ್ಲಲು ಮೊದಲು ಶಾಲೆಯಲ್ಲಿ ಚರ್ಚಾಸ್ಪರ್ಧೆ ನಡೆಯಬೇಕು. ನಾಟಕ ಎಂದಾಗ ಸಂದರ್ಶಕರ ಕಣ್ಣಿಗೆ ಬರುವುದು ಕಾಲೇಜಿನ ರಂಗವೋ, ಪಾರಿಜಾತದ ಕೊರವಂಜಿಯೋ? ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಮೆಡಿಕಲ್ ಕಾಲೇಜುಗಳ ಅರ್ಜಿಯಲ್ಲಿ 15 ಚಟುವಟಿಕೆ ತುಂಬಬಹುದು. ಹವ್ಯಾಸ ಎಂಬ ವರ್ಗವೇ ಬೇರೆ ಇದೆ. ಈ ಸುದ್ದಿ ನಮ್ಮ ಪಾಲಕರ ಕಿವಿಗೆ ಬಿದ್ದರೆ ಮುಗಿಯಿತು. ಮರುದಿನವೇ ಹವ್ಯಾಸದ ಟ್ಯೂಷನ್. ಮುಂಜಾನೆ ಐದಕ್ಕೆ ಎಬ್ಬಿಸಿ, 'ಏಳು, ಖುಷಿ ಪಡು' ಎನ್ನುತ್ತಾರೆ.

ನಗು ಬರುವುದು ಇನ್ನು ಮುಂದೆ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ತಿಂಗಳು ಫೌಂಡೇಶನ್ ಕೋರ್ಸು ಇತ್ತು. ಅದರಲ್ಲಿ ಕ್ರೀಡೆ, ಪಠ್ಯೇತರ ಚಟುವಟಿಕೆಗೆ 22 ತಾಸು ಇಟ್ಟಿದ್ದರು. ರೋಗಿಯೊಂದಿಗೆ ಮಾತಾಡುವುದನ್ನೂ ಪಾಠ ಮಾಡುತ್ತಾರೆ. ಎರಡು ವರ್ಷ ಹಾಸ್ಟೆಲ್ಲಿನಲ್ಲಿ ಕೂಡಿಹಾಕಿ ಮನುಷ್ಯತ್ವ ಒಣಗಿಸಿ, ಆಮೇಲೆ ಒಂದಿಷ್ಟು ತಾಸು ನೀರು ಹಾಕುವುದು. ಚಿಗುರಿದರೆ ವಿದ್ಯಾರ್ಥಿಯ ಪುಣ್ಯ.

ಮುಂದೆ ಅದೇ ಅಪ್ಪ ದವಾಖಾನೆಯಿಂದ ಗೊಣಗುತ್ತ ಹೊರಬರುತ್ತಾನೆ: 'ಈಗಿನ ಡಾಕ್ಟರು ಮಾರಿನೂ ನೋಡಂಗಿಲ್ಲ, ಎರಡ ಮಾತೂ ಆಡಂಗಿಲ್ಲ.'

ಹೆಂಗ ನೋಡ್ಯಾರು ಯಜಮಾನರ? ಆ 720ರಾಗ ನಿಮ್ಮ ಮಾರಿಗೆ ಒಂದು ಮಾರ್ಕೂ ಇರಲಿಲ್ಲ.