ಬಿಚ್ಚುವುದು ಸಲೀಸು, ಜೋಡಿಸುವುದೇ ಪುರಾಣ

ಅಮೆರಿಕದಲ್ಲಿ ಪಿಸ್ತೂಲು ಇಟ್ಟುಕೊಂಡವರನ್ನು ಮಾತಿಗೆಳೆಯುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. "ನಿಮ್ಮ ಮೊದಲನೇ ರೂಗರ್ ಯಾವುದು?" ಅಂತ ಒಂದು ಪ್ರಶ್ನೆ ಒಗೆದರೆ ಸಾಕು. ಆಮೇಲೆ ನಿಮ್ಮ ಕಡೆಯಿಂದ ಬೇಕಾಗುವುದು ಆಗಾಗ ಒಂದು "ಹೌದಾ!" ಮಾತ್ರ. ಯಾವ ಅಂಗಡಿ, ಎಷ್ಟು ಡಾಲರು, ಆವತ್ತು ಹಿಮ ಬಿದ್ದಿತ್ತೋ ಇಲ್ಲವೋ, ಗಲ್ಲಾದಲ್ಲಿ ಕೂತಿದ್ದವನಿಗೆ ಮೀಸೆ ಇತ್ತೋ ಇಲ್ಲವೋ, ಎಲ್ಲವೂ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮನೆಯ ವೈಫೈ ಪಾಸ್‌ವರ್ಡು ಕೇಳಿ ನೋಡಿ, ಮಗಳಿಗೆ ಫೋನು ಮಾಡುತ್ತಾರೆ.

ಅದೇ ದೇಶದಿಂದ ಬಂದೂಕಿನ ಬೇರೆ ಸುದ್ದಿಗಳೂ ಬರುತ್ತವೆ, ಗೊತ್ತು. ಅವು ಹರಟೆಗೆ ಒದಗುವ ಸುದ್ದಿಗಳಲ್ಲ. ನಾನು ಹೇಳುತ್ತಿರುವುದು ಶನಿವಾರ ಬೆಳಿಗ್ಗೆ ಡಬ್ಬಿಗೆ ಗುರಿಯಿಟ್ಟು, ಮಧ್ಯಾಹ್ನ ಎಣ್ಣೆಬಟ್ಟೆ ಹಿಡಿದು ಕೂರುವ ಮಂದಿಯ ವಿಚಾರ.

ಇವರಲ್ಲಿ ಕಂಪನಿಗೊಂದು ಪಂಗಡ. ಕೋಲ್ಟ್ ಪಂಗಡದವರು ಮಡಿ ಜನ. ಅವರ ಮೊದಲ ಪಿಸ್ತೂಲಿನ ಕತೆ ಅವರಿಂದ ಶುರುವಾಗುವುದೇ ಇಲ್ಲ. ತಾತ, ತಾತನ ಯುದ್ಧ, 1911ರಲ್ಲಿ ಸೈನ್ಯ ಒಪ್ಪಿಕೊಂಡ ಮಾಡೆಲ್ಲು, ಇಷ್ಟೂ ಸಂಕಲ್ಪ ಮುಗಿದ ಮೇಲೆ ಮೊಮ್ಮಗನ ಸರದಿ. ಗ್ಲಾಕ್‌ನವರದು ಇದಕ್ಕೆ ತದ್ವಿರುದ್ಧ. ತಗೊಂಡೆ, ಟ್ರಿಗರ್ ಒತ್ತಿದೆ, ಹಾರಿತು, ಈಗಲೂ ಹಾರುತ್ತದೆ. ಮುಗಿಯಿತು. ಇವರ ಜೊತೆ ಕಾಫಿ ಕೂಡ ಪೂರ್ತಿ ಕುಡಿಯಲಾಗುವುದಿಲ್ಲ. ರೂಗರ್‌ನವರೇ ನಿಜವಾದ ಕತೆಗಾರರು, ಯಾಕೆಂದರೆ ಅವರ ಪಿಸ್ತೂಲು ಅವರನ್ನು ಸತಾಯಿಸಿದೆ.

ಆ ಕಂಪನಿಯ ಹುಟ್ಟೇ ಹರಟೆಗೆ ಹೇಳಿ ಮಾಡಿಸಿದಂತಿದೆ. ವಿಲಿಯಂ ರೂಗರ್ ಎಂಬಾತ ಎರಡನೇ ಮಹಾಯುದ್ಧ ಮುಗಿದ ಮೇಲೆ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನಲ್ಲಿ ಬಡಗಿಗಳ ಸಲಕರಣೆ ಮಾಡಿ ಮಾರಲು ಹೊರಟು ಕೈ ಸುಟ್ಟುಕೊಂಡಿದ್ದ. ಯುದ್ಧದಿಂದ ಮರಳಿದ ಸೈನಿಕನೊಬ್ಬನಿಂದ ಜಪಾನಿನ ನಂಬು ಪಿಸ್ತೂಲು ಕೊಂಡು, ಗ್ಯಾರೇಜಿನಲ್ಲಿ ಕೂತು ಅದರ ನಕಲು ಮಾಡಿ ಕೈ ಪಳಗಿಸಿಕೊಂಡಿದ್ದ. ತಲೆಯಲ್ಲಿ ಪಿಸ್ತೂಲಿತ್ತು, ಜೇಬಲ್ಲಿ ಕಾಸಿರಲಿಲ್ಲ. ಕಾಸು ತಂದವನು ಅಲೆಕ್ಸಾಂಡರ್ ಸ್ಟರ್ಮ್. ಯೇಲ್‌ನಲ್ಲಿ ಓದಿದವನು, ಚಿತ್ರ ಬರೆಯುತ್ತಿದ್ದವನು, ಮೇಲಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮೊಮ್ಮಗಳ ಗಂಡ. ಅವನ 50,000 ಡಾಲರಿನಿಂದ 1949ರಲ್ಲಿ ಸ್ಟರ್ಮ್ ರೂಗರ್ ಕಂಪನಿ ಶುರುವಾಯಿತು. ಮೊದಲ ಸರಕು .22 ಕ್ಯಾಲಿಬರಿನ ಒಂದು ಪಿಸ್ತೂಲು. ದೂರದಿಂದ ನೋಡಿದರೆ ಜರ್ಮನಿಯ ಲೂಗರ್, ಹತ್ತಿರ ಬಂದರೆ ಒತ್ತಿ ತೆಗೆದ ಎರಡು ಉಕ್ಕಿನ ಹಾಳೆ ಸೇರಿಸಿ ಬೆಸುಗೆ ಹಾಕಿದ ಹಿಡಿ. ಬೆಲೆ 37 ಡಾಲರ್ 50 ಸೆಂಟು. ಕೋಲ್ಟ್‌ನವರ ವುಡ್ಸ್‌ಮನ್‌ಗೆ ಅದಕ್ಕಿಂತ ಎಷ್ಟೋ ಹೆಚ್ಚು ಎಣಿಸಬೇಕಿದ್ದ ಕಾಲ ಅದು.

ಲಾಂಛನದ ಹದ್ದನ್ನು ಬರೆದವನೂ ಸ್ಟರ್ಮನೇ. ಗಂಡಭೇರುಂಡ ನೋಡಿ ಬೆಳೆದ ನಮಗೆ ಒಂದು ತಲೆ ಕಡಿಮೆಯಾಯಿತಲ್ಲ ಅನ್ನಿಸಬಹುದು, ಇರಲಿ. ಹಿಡಿಯ ಮೇಲೆ ಆ ಹದ್ದು ಕೆಂಪು ಬಣ್ಣದ್ದಾಗಿತ್ತು. 1951ರಲ್ಲಿ ಸ್ಟರ್ಮ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಗೆಳೆಯನ ನೆನಪಿಗೆಂದು ರೂಗರ್ ಹದ್ದಿನ ಬಣ್ಣವನ್ನು ಕಪ್ಪು ಮಾಡಿಸಿದ. ಹೀಗಾಗಿ ಆ ಎರಡು ಮೂರು ವರ್ಷದ "ಕೆಂಪು ಹದ್ದು"ಗಳಿಗೆ ಸಂಗ್ರಹಕಾರರಲ್ಲಿ ವಿಪರೀತ ಬೇಡಿಕೆ. ಮೊದಲ ಪಿಸ್ತೂಲಿನ ಮಾತು ಬಂದಾಗಲೆಲ್ಲ ಒಬ್ಬ ಮಾವನೋ ಚಿಕ್ಕಪ್ಪನೋ ಹಾದುಹೋಗುತ್ತಾನೆ, ಅವನ ಹತ್ತಿರ ಕೆಂಪು ಹದ್ದೇ ಇರುತ್ತದೆ, ಅವನು ಅದನ್ನು ಯಾರಿಗೋ ನೀರಿನ ಬೆಲೆಗೆ ಕೊಟ್ಟುಬಿಟ್ಟಿರುತ್ತಾನೆ. ಈ ಮಾವಂದಿರನ್ನೆಲ್ಲ ಸಾಲಾಗಿ ನಿಲ್ಲಿಸಿ ಎಣಿಸಿದರೆ ಸೌತ್‌ಪೋರ್ಟ್‌ನವರು ಹಗಲು ರಾತ್ರಿ ಕೆಂಪು ಬಣ್ಣವನ್ನೇ ಬಳಿಯುತ್ತಾ ಕೂತಿರಬೇಕು.

ವಯಸ್ಸಾದವರ ಕತೆಗೆ ಇನ್ನೊಂದು ಗತ್ತಿದೆ. 1968ರ ಕಾನೂನು ಬರುವ ಮುಂಚೆ ಪತ್ರಿಕೆಯಲ್ಲಿ ಜಾಹೀರಾತು ನೋಡಿ, ದುಡ್ಡು ಕಳಿಸಿ, ಪಾರ್ಸಲ್ಲಿನಲ್ಲಿ ಪಿಸ್ತೂಲು ತರಿಸಿಕೊಳ್ಳಬಹುದಿತ್ತು. ಆಮೇಲೆ ಲೈಸೆನ್ಸಿನ ಅಂಗಡಿಗೇ ಹೋಗಬೇಕು, 21 ತುಂಬಿರಬೇಕು, ಫಾರಂ ತುಂಬಬೇಕು. ಎಂಬತ್ತು ದಾಟಿದ ಅಜ್ಜಂದಿರು ಈ ಫಾರಂ ಕಾಲದ ಹುಡುಗರನ್ನು ನೋಡುವ ನೋಟವಿದೆಯಲ್ಲ, ಬಾವಿ ನೀರು ಸೇದಿದವರು ನಲ್ಲಿ ತಿರುಗಿಸುವವರನ್ನು ನೋಡುವ ನೋಟ ಅದು. ಹುಡುಗ ಅಂದರೆ ಇಲ್ಲಿ ಅರವತ್ತರ ಆಸುಪಾಸಿನವನು.

ಇರಲಿ, ಅಸಲು ವಿಷಯಕ್ಕೆ ಬರೋಣ. ರೂಗರ್‌ನ ಆ .22 ಪಿಸ್ತೂಲನ್ನು ಕೊಂಡ ನೆನಪಾಗಲಿ, ಮೊದಲ ಗುಂಡು ಹಾರಿಸಿದ ನೆನಪಾಗಲಿ ಐದು ನಿಮಿಷದ್ದು. ಉಳಿದ ಮಧ್ಯಾಹ್ನವೆಲ್ಲ ಹೋಗುವುದು ಅದನ್ನು ಮೊದಲ ಸಲ ಬಿಚ್ಚಿದ ದಿನದ ವರ್ಣನೆಗೆ. ಮೂಲ ಮಾಡೆಲ್ಲಿಗೂ, 1982ರಲ್ಲಿ ಬಂದ ಮಾರ್ಕ್ ಟೂಗೂ ಇದೇ ಕೀರ್ತಿ. ಹಿಡಿಯ ಹಿಂಬದಿಯಲ್ಲಿ ಒಂದು ಚಿಲಕ. ಅದನ್ನು ಉಗುರಿನಲ್ಲಿ ಎಬ್ಬಿಸಿ ಎಳೆದರೆ ಸ್ಪ್ರಿಂಗಿನ ಮನೆ ಕೆಳಕ್ಕೆ ಇಳಿಯುತ್ತದೆ, ಉದ್ದನೆಯ ಪಿನ್ನು ಈಚೆ ಬರುತ್ತದೆ, ಬೋಲ್ಟು ಹಿಂದಕ್ಕೆ ಜಾರುತ್ತದೆ, ರಬ್ಬರು ಸುತ್ತಿಗೆಯಿಂದ ಒಂದು ತಟ್ಟು ತಟ್ಟಿದರೆ ನಳಿಗೆಯೂ ಕಳಚಿಕೊಳ್ಳುತ್ತದೆ. ಇಲ್ಲಿಯವರೆಗೂ ಯಜಮಾನರ ಮುಖದಲ್ಲಿ ಗೆಲುವಿದೆ. ಒರೆಸಿದ್ದಾಯಿತು, ಎಣ್ಣೆ ಹಾಕಿದ್ದಾಯಿತು. ಇನ್ನು ವಾಪಸ್ ಜೋಡಿಸಬೇಕು.

ಒಳಗೆ ಹ್ಯಾಮರಿಗೆ ನೇತುಬಿದ್ದ ಒಂದು ಸಣ್ಣ ಕಡ್ಡಿಯಿದೆ. ಅದು ಬಂದು ಸ್ಪ್ರಿಂಗಿನ ತಲೆಯ ಮೇಲೇ ಕೂರಬೇಕು. ಕೈಯಲ್ಲಿ ಹಿಡಿದು ಕೂರಿಸೋಣವೆಂದರೆ ಬೆರಳು ಹೋಗುವ ಜಾಗವಲ್ಲ. ನಳಿಗೆ ಮೇಲೆ ಮಾಡಿ, ಟ್ರಿಗರ್ ಒತ್ತಿ, ಹ್ಯಾಮರು ಮುಂದಕ್ಕೆ ಬೀಳಿಸಿ, ಇಡೀ ಪಿಸ್ತೂಲನ್ನು ಹಿಂದಕ್ಕೆ ಮುಂದಕ್ಕೆ ಓಲಾಡಿಸಿ, ಆ ಕಡ್ಡಿ ತಾನಾಗಿ ಒಲಿಯುವವರೆಗೆ ಕಾಯಬೇಕು. ಅಡ್ಡಪಿನ್ನಿನ ಆಚೆ ಬದಿಗೆ ಹೋಗಿ ಕೂತಿತೋ, ಎಲ್ಲವೂ ಸರಿಯಾಗಿ ಕೂತಂತೆ ಕಾಣುತ್ತದೆ, ಬೋಲ್ಟು ಮಾತ್ರ ಅಲ್ಲಾಡುವುದಿಲ್ಲ. ಮತ್ತೆ ಬಿಚ್ಚು. ಮತ್ತೆ ಓಲಾಡಿಸು. ಕೈಪಿಡಿ ಹುಡುಕುವುದು ಈ ಹಂತದಲ್ಲಿ. ಅದು ಡಬ್ಬದ ಜೊತೆ ಕಸಕ್ಕೆ ಹೋಗಿರುತ್ತದೆ.

ಅಮೆರಿಕದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಈ ಕತೆಯನ್ನು ಹೇಳುವಾಗ ಪಿಸ್ತೂಲಿಲ್ಲದೆಯೇ ಎರಡು ಕೈಯನ್ನೂ ಗಾಳಿಯಲ್ಲಿ ಓಲಾಡಿಸುತ್ತಾರೆ. ಕೊನೆಗೆ ಏನು ಮಾಡಿದಿರಿ ಅಂದರೆ, "ಬಿಡಿಭಾಗವೆಲ್ಲ ಕವರಿಗೆ ತುಂಬಿಕೊಂಡು ಗನ್‌ಸ್ಮಿತ್ ಹತ್ರ ಹೋದೆ" ಅನ್ನುತ್ತಾರೆ. "ಅವನು ಕವರು ನೋಡಿದವನೇ, 'ಓ, ರೂಗರ್ರಾ?' ಅಂದ. ಬಿಚ್ಚಿ ನೋಡಲೂ ಇಲ್ಲ ಮಾರಾಯರೇ!" ಇದೇ ಕತೆಯನ್ನು ಇನ್ನೊಬ್ಬರ ಬಾಯಲ್ಲೂ ಕೇಳಿದ್ದೇನೆ, ಗನ್‌ಸ್ಮಿತ್‌ನ ಮಾತು ಒಂದಕ್ಷರ ಬದಲಾಗದಂತೆ. ಒಬ್ಬರಿಗೆ ನಡೆದದ್ದು ಎಲ್ಲರಿಗೂ ನಡೆದಿದೆ ಅಂದುಕೊಳ್ಳುವುದು ಸೌಜನ್ಯ.

ರೂಗರ್‌ನ ರಿವಾಲ್ವರ್ ಹಿಡಿದವರ ಹಟ ಬೇರೆ ತರಹದ್ದು. ಟಿವಿಯಲ್ಲಿ ಕೌಬಾಯ್ ಕತೆಗಳು ಓಡುತ್ತಿದ್ದ ಕಾಲ ನೋಡಿಕೊಂಡು 1955ರಲ್ಲಿ ಕಂಪನಿ ಬ್ಲ್ಯಾಕ್‌ಹಾಕ್ ತಂದಿತು. ಆರು ಗುಂಡಿನ ಜಾಗ, ಆದರೆ ತಿಳಿದವರು ತುಂಬುತ್ತಿದ್ದುದು ಐದೇ. ಹ್ಯಾಮರಿನ ಕೆಳಗೆ ಗುಂಡಿದ್ದು ಕೈಜಾರಿ ಬಿದ್ದರೆ ತಾನಾಗಿ ಹಾರುವ ಅಪಾಯವಿತ್ತು. 1973ರಲ್ಲಿ ಆ ಅಪಾಯ ತಪ್ಪಿಸುವ ಹೊಸ ಏರ್ಪಾಡು ಬಂತು. ಹಳೆಯವನ್ನು ಕಳಿಸಿಕೊಡಿ, ಪುಕ್ಕಟೆ ಸರಿಮಾಡುತ್ತೇವೆ, ಕಳಚಿದ ಹಳೇ ಭಾಗಗಳನ್ನೂ ವಾಪಸ್ ಕೊಡುತ್ತೇವೆ ಎಂದು ಕಂಪನಿ ಕರೆಯಿತು. ಕಳಿಸಿದವರಿದ್ದಾರೆ. ಕಳಿಸದೆ ಎದೆಗವಚಿಕೊಂಡವರೂ ಇದ್ದಾರೆ. ಪಕ್ಕದಲ್ಲಿ ಮೂರು ಸ್ಕ್ರೂ ಕಾಣುವ ಆ ಹಳೇ ಬ್ಲ್ಯಾಕ್‌ಹಾಕ್‌ನ ಒಳಗನ್ನು ಮುಟ್ಟಿಸಿದರೆ ಅದರ ಬೆಲೆ ಇಳಿಯುತ್ತದಂತೆ. ಪುಕ್ಕಟೆ ಎಂದರೂ ಬೇಡವೆನ್ನುವ ಜನವನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ.

ಅಂಥ ಭಕ್ತರಿಗೂ ರೂಗರ್ ಮುದುಕನ ಮೇಲೆ ಒಂದು ಮುನಿಸಿದೆ. 1989ರಲ್ಲಿ ಆತ ಅಮೆರಿಕದ ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆದು, 15ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ಗಳಿಗೆ ಕಡಿವಾಣ ಹಾಕಿ ಅಂದುಬಿಟ್ಟ. ಮನೆಯವನೇ ಹೀಗಂದನಲ್ಲ ಎಂದು ಆಗ ಹತ್ತಿದ ಸಿಟ್ಟು, ಆತ 2002ರಲ್ಲಿ ತೀರಿಕೊಂಡರೂ ಇಳಿದಿಲ್ಲ. "ಆ ಮನುಷ್ಯನನ್ನು ಕ್ಷಮಿಸಿಲ್ಲ" ಎಂದು ಹೇಳುವವರ ಬೀರುವಿನ ಬಾಗಿಲು ತೆಗೆಯಿರಿ. ಮೇಲಿನ ಅರೆಯಲ್ಲಿ ರೂಗರ್, ಕೆಳಗಿನ ಅರೆಯಲ್ಲಿ ರೂಗರ್.

ನಮ್ಮ ಕಡೆ ಇಂಥ ಹರಟೆ ಕೇಳಬೇಕಾದರೆ ಕೊಡಗಿಗೆ ಹೋಗಬೇಕು. ಹೋದರೂ ರಾಗ ಬೇರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೆ ಕೂರುವುದು ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಅದು ಕೂಡ ಕೋವಿಗೇ ಹೊರತು ಪಿಸ್ತೂಲಿಗಲ್ಲ. ಕೋವಿ ಅಜ್ಜನಿಂದ ಬಂದದ್ದು, ಮನೆತನದ್ದು. "ನನ್ನ ಮೊದಲನೆಯದು" ಅನ್ನಲು ಅಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಉಳಿದ ಕರ್ನಾಟಕದಲ್ಲಿ ಬೆಳೆ ಕಾಯಲೆಂದು ಲೈಸೆನ್ಸು ಮಾಡಿಸಿಕೊಂಡ ರೈತನನ್ನು ಕೇಳಿದರೆ ಅವನ ನೆನಪೆಲ್ಲ ಪೊಲೀಸ್ ಠಾಣೆಯದು: ಚುನಾವಣೆ ಬಂತು, ಒಪ್ಪಿಸಿ ಬಾ, ಮುಗಿಯಿತು, ಬಿಡಿಸಿಕೊಂಡು ಬಾ.

ಈಗ ರೂಗರ್ ಕಂಪನಿ ಮಾಡಿದ ದ್ರೋಹಕ್ಕೆ ಬರುತ್ತೇನೆ. 2016ರಲ್ಲಿ ಮಾರ್ಕ್ ಫೋರ್ ಬಂತು. ಹಿಂಬದಿಯಲ್ಲಿ ಒಂದು ಗುಂಡಿ. ಒತ್ತಿದರೆ ಮೇಲ್ಭಾಗ ಮಗುಚಿಕೊಂಡು ಕೈಗೆ ಬರುತ್ತದೆ, ಒರೆಸಿ ವಾಪಸ್ ಕೂರಿಸಿದರೆ ಟಕ್ ಎಂದು ಕೂತುಕೊಳ್ಳುತ್ತದೆ. ಸುತ್ತಿಗೆ ಬೇಡ, ಓಲಾಟ ಬೇಡ, ಕವರೂ ಬೇಡ. ಮೇಷ್ಟ್ರ ಮಗ ಅದನ್ನೇ ಕೊಂಡಿದ್ದಾನೆ. ಮೊದಲ ಪಿಸ್ತೂಲಿನ ಅನುಭವ ಹೇಗಿತ್ತಪ್ಪಾ ಎಂದರೆ, "ಚೆನ್ನಾಗಿದೆ ಅಂಕಲ್" ಅಂದ, ಅಷ್ಟೇ. 2017ರಲ್ಲಿ ಕಂಪನಿಯವರು ಸೇಫ್ಟಿಯ ದೋಷವೊಂದಕ್ಕಾಗಿ ಮಾರ್ಕ್ ಫೋರ್‌ಗಳನ್ನು ವಾಪಸ್ ಕರೆಸಿ ಸರಿಮಾಡಿಕೊಟ್ಟರು. ಪಾಪ, ಆ ಹುಡುಗರ ಪಾಲಿಗೆ ಇರುವ ಪುರಾಣವೆಂದರೆ ಆ ಒಂದು ಕೊರಿಯರ್ ರಸೀದಿ. ಸತಾಯಿಸದ ಪಿಸ್ತೂಲು ಗುರಿಗೆ ಒಳ್ಳೆಯದಿರಬಹುದು, ಹರಟೆಗೆ ಶುದ್ಧ ದಂಡ.

ಅಮೆರಿಕಕ್ಕೆ ಮಗನ ಮನೆಗೋ ಮಗಳ ಮನೆಗೋ ಹೋಗಿ ಬೇಸರದಿಂದ ಕೂತಿರುವ ಹಿರಿಯರಿಗೆ ಒಂದು ಮಾತು. ಪಕ್ಕದ ಮನೆಯವರು ರೂಗರ್ ಮಂದಿಯಾಗಿದ್ದರೆ ಧಾರಾಳವಾಗಿ ಹೋಗಿ ಕತೆ ಕೇಳಿ, ಹೊತ್ತು ಹೋಗುತ್ತದೆ. ಮಾರ್ಕ್ ಟೂ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು, "ಬನ್ನಿ, ಇದೊಂದು ಸ್ವಲ್ಪ ಹಿಡಿದುಕೊಳ್ಳಿ" ಎಂದು ಕರೆದರೆ ಮಾತ್ರ ಹೋಗಬೇಡಿ. ರಾತ್ರಿ ಊಟಕ್ಕೆ ನೀವು ಮನೆ ಸೇರುವುದು ಕಷ್ಟ.