ವಿರೋಧ ಪಕ್ಷ ಬೇಕಾಗಿದೆ

ಗದಗ ಜಿಲ್ಲೆಯ ಶಿರಹಟ್ಟಿಯ ಮತದಾರರನ್ನು ಕಂಡರೆ ನಮ್ಮ ಕಡೆಯವರಿಗೆ ಒಂದು ನಮೂನೆ ಭಯಭಕ್ತಿ. ಅಲ್ಲಿ ಗೆದ್ದ ಪಕ್ಷದ್ದೇ ಬೆಂಗಳೂರಿನಲ್ಲಿ ಸರಕಾರ ಎಂಬ ನಂಬಿಕೆ ದಶಕಗಳ ಕಾಲ ನಡೆದು ಬಂದಿತ್ತು. 2008ರಲ್ಲಿ ಬಿಜೆಪಿ ಗೆದ್ದಿತು, ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. 2013ರಲ್ಲಿ ಕಾಂಗ್ರೆಸ್ ಗೆದ್ದಿತು, ಸಿದ್ದರಾಮಯ್ಯನವರು ಬಂದರು. 2018ರಲ್ಲಿ ಮತ್ತೆ ಬಿಜೆಪಿ ಗೆದ್ದಾಗ ಮಾತ್ರ ಲೆಕ್ಕ ಸ್ವಲ್ಪ ಹಳಿ ತಪ್ಪಿತು. ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದ ಮೂರನೆಯ ದಿನವೇ ರಾಜೀನಾಮೆ ಕೊಟ್ಟು, ಕುಮಾರಸ್ವಾಮಿಯವರ ಮೈತ್ರಿ ಸರಕಾರ ಬಂತು. ಶಿರಹಟ್ಟಿಯವರು ಗಾಬರಿಯಾಗಲಿಲ್ಲ. ಹದಿನಾಲ್ಕು ತಿಂಗಳು ಕಾದರು. 2019ರ ಜುಲೈಯಲ್ಲಿ ಆ ಸರಕಾರ ಬಿದ್ದಾಗ, "ನಾವು ಹೇಳಿದ್ದಿಲ್ಲೇನ್ರಿ?" ಎಂದು ಧೋತರದ ಚುಂಗು ಹಿಡಿದು ಎದ್ದು ನಿಂತರು. ಜ್ಯೋತಿಷಿಗಳಿಗೆ ಇಷ್ಟು ರಿಯಾಯಿತಿ ಎಲ್ಲ ಕಾಲಕ್ಕೂ ಇದೆ.

ಆದರೆ ಈ ಕೀರ್ತಿಗೆ ಒಂದು ಬಾಧೆಯೂ ಉಂಟು. ಸದಾ ಗೆಲ್ಲುವ ಪಕ್ಷವನ್ನೇ ಆರಿಸುವ ಊರಿಗೆ ವಿರೋಧ ಪಕ್ಷದ ಶಾಸಕ ಅಂದರೆ ಹೆಂಗಿರುತ್ತಾನೆ ಎನ್ನುವುದೇ ಗೊತ್ತಾಗುವುದಿಲ್ಲ. ಮೈತ್ರಿ ಸರಕಾರದ ಆ ಹದಿನಾಲ್ಕು ತಿಂಗಳು ಬಿಟ್ಟರೆ ಆ ಭಾಗ್ಯ ಬಂದದ್ದು 2023ರಲ್ಲಿ. ಶಿರಹಟ್ಟಿಯಲ್ಲಿ ಬಿಜೆಪಿಯ ಡಾ. ಚಂದ್ರು ಲಮಾಣಿ ಗೆದ್ದರು, ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ಸರಕಾರ ಮಾಡಿತು. ನಂಬಿಕೆ ಮುರಿಯಿತು, ಹೋಗಲಿ, ಒಬ್ಬ ವಿರೋಧ ಪಕ್ಷದ ಶಾಸಕರಾದರೂ ಸಿಕ್ಕರಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ತಿಳಿದದ್ದೇನೆಂದರೆ, ವಿರೋಧ ಪಕ್ಷಕ್ಕೆ ನಾಯಕನೇ ಇಲ್ಲ! ಮೇ ತಿಂಗಳಲ್ಲಿ ಸರಕಾರ ಬಂತು, ಜುಲೈಯಲ್ಲಿ ಬಜೆಟ್ ಬಂತು, ಶ್ರಾವಣ ಬಂತು, ಗಣಪತಿ ಬಂದು ಹೋದ, ದಸರಾ ಮುಗಿಯಿತು, ದೀಪಾವಳಿಯ ಪಟಾಕಿಯೂ ಸುಟ್ಟಾಯಿತು. ನಾಯಕ ಬರಲಿಲ್ಲ. 66 ಮಂದಿ ಶಾಸಕರಲ್ಲಿ ಒಬ್ಬರನ್ನು ಆರಿಸಲು ನವೆಂಬರ್ 17ರವರೆಗೆ ಬೇಕಾಯಿತು, ಆಗ ಆರ್. ಅಶೋಕ ಅವರ ಹೆಸರು ಹೊರಬಿತ್ತು. ಅಲ್ಲಿಯತನಕ ಸದನದಲ್ಲಿ ನಡೆದದ್ದು ವರನಿಲ್ಲದ ದಿಬ್ಬಣ. ವಾಲಗದ ಗದ್ದಲಕ್ಕೇನೂ ಕೊರತೆಯಿರಲಿಲ್ಲ. ಜುಲೈಯಲ್ಲೊಂದು ದಿನ, ಪೀಠದಲ್ಲಿದ್ದ ನಮ್ಮ ಪಕ್ಕದ ಹಾವೇರಿಯ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಕಾಗದ ಹರಿದು ತೂರಿ ಹತ್ತು ಮಂದಿ ಅಮಾನತಾದರು.

ಆ ಆರು ತಿಂಗಳು ಗದಗಿನ ಚಾದಂಗಡಿಗಳು ಬಹಳ ಚಟುವಟಿಕೆಯಿಂದಿದ್ದವು. ಗಿರ್ಮಿಟ್ ಪ್ಲೇಟಿನ ಅಂಚಿಗೆ ಮಿರ್ಚಿ ಇಟ್ಟುಕೊಂಡು ಮಾತಾಡುವವರ ಬಾಯಲ್ಲಿ ಒಂದೇ ಮಾತು: "ಎಲ್ಲಾ ಅಡ್ಜಸ್ಟ್‌ಮೆಂಟ್ ಐತ್ರಿ." ಹೊಂದಾಣಿಕೆ ರಾಜಕಾರಣ ಅಂತ ಪತ್ರಿಕೆಯವರು ಬರೆಯುತ್ತಾರೆ, ಆದರೆ ಆ ಮಾತಿಗೆ ಖಾರ ಸಾಲದು. ಹಗಲು ಸದನದಲ್ಲಿ ತೋಳೇರಿಸಿದವರು ರಾತ್ರಿ ಒಂದೇ ಮದುವೆಯ ಪಂಗ್ತಿಯಲ್ಲಿ ಕೂತು ಹೋಳಿಗೆ ಉಣ್ಣುತ್ತಾರೆ ಎಂಬುದು ಈ ಚಾದಂಗಡಿ ಕಟ್ಟೆಯವರ ದೂರು. ನನಗಂತೂ ಹೋಳಿಗೆ ಉಂಡದ್ದರಲ್ಲಿ ತಪ್ಪು ಕಾಣುವುದಿಲ್ಲ. ಬೆಳಿಗ್ಗೆ ಮತ್ತೆ ತೋಳೇರಿಸುವಷ್ಟು ಕಸುವು ಉಳಿದಿರಬೇಕು, ಅಷ್ಟೆ.

ಪಕ್ಕದ ಹುಬ್ಬಳ್ಳಿಯ ಜಗದೀಶ ಶೆಟ್ಟರನ್ನೇ ನೋಡಿ. ಮುಖ್ಯಮಂತ್ರಿಯಾಗಿದ್ದವರು, ವಿರೋಧ ಪಕ್ಷದ ನಾಯಕರಾಗಿದ್ದವರು. 2023ರ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದೆ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದರು, 2024ರ ಜನವರಿಯಲ್ಲಿ ಮರಳಿ ಬಿಜೆಪಿಗೆ ಬಂದರು. ಹೋದಾಗ ಬೈದವರು ಬಂದಾಗ ಹಾರ ಹಾಕಿದರು, ಬಂದಾಗ ಹಾರ ಹಾಕಿದ್ದವರು ಹೋದಾಗ ಬೈದರು. ಯಾರ ಮಾತನ್ನು ಯಾವ ತಿಂಗಳು ನಂಬಬೇಕೆಂಬುದಕ್ಕೆ ಮತದಾರನಿಗೊಂದು ಪಂಚಾಂಗ ಬೇಕು.

ಈ ಅದಲುಬದಲು ನೀರಿನ ವಿಷಯದಲ್ಲೂ ಉಂಟು. ಬೆಟಗೇರಿಯ ಓಣಿಗಳಲ್ಲಿ ಮುಂಜಾನೆಯ ಮೊದಲ ಪ್ರಶ್ನೆ "ಚಾ ಆತೇನ್ರಿ?" ಅಲ್ಲ, "ನಳಾ ಬಂತೇನ್ರಿ?" ಎಂಬುದು. ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ಹಮ್ಮಿಗಿಯಲ್ಲಿ ಬ್ಯಾರೇಜೂ ಇದೆ. ಆದರೆ ಅವಳು ಗದಗ–ಬೆಟಗೇರಿ ಅವಳಿ ನಗರಕ್ಕೆ ದಿನಾ ಬರುವ ಸೊಸೆಯಲ್ಲ. ನೀರು ತಡವಾದಾಗ ವಿರೋಧ ಪಕ್ಷದವರು ಖಾಲಿ ಕೊಡ ಹಿಡಿದು ಬೀದಿಗಿಳಿಯುತ್ತಾರೆ. ಅವರು ಅಧಿಕಾರಕ್ಕೆ ಬಂದ ಮೇಲೆ ಕೊಡಗಳು ಎದುರಿನವರ ಕೈಗೆ ಹೋಗುತ್ತವೆ. ನೀರಿಗಿಂತ ಕೊಡಗಳೇ ಹೆಚ್ಚು ಸರಾಗವಾಗಿ ಹರಿದಾಡಿವೆ.

ಬೆಟಗೇರಿಯ ನೇಕಾರರ ಮನೆಯ ಹುಡುಗನೊಬ್ಬ ಲಂಡನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡರೆ, "ಕಾಕಾ, ನೀವೇನ್ ಹೇಳ್ತೀರಿ, ಇಲ್ಲೂ ಮಂದಿ ಇದನ್ನ ಅಂತಾರ" ಎಂದ. ಅಲ್ಲಿ 2024ರ ಜುಲೈಯಲ್ಲಿ ಲೇಬರ್ ಪಕ್ಷಕ್ಕೆ ನೂರರಲ್ಲಿ ಮೂವತ್ನಾಲ್ಕು ಮತವೂ ಬಿದ್ದಿರಲಿಲ್ಲ, 650 ಸೀಟುಗಳಲ್ಲಿ ನಾನೂರಕ್ಕೂ ಹೆಚ್ಚು ಬಂದವು. ಹದಿನಾಲ್ಕು ವರ್ಷ ಆಳಿದ ಕನ್ಸರ್ವೇಟಿವ್ ಪಕ್ಷ 121ಕ್ಕೆ ಕುಸಿದು, ಆಳುವುದು ಗೊತ್ತಿದ್ದೂ ವಿರೋಧಿಸುವುದು ಹೆಂಗೆಂದು ತಿಳಿಯದೆ ಕೂತಿತು. ಆಳಿದ್ದಾದರೂ ಹೆಂಗೆ? 2022ರಲ್ಲಿ ಲಿಜ್ ಟ್ರಸ್ ಪ್ರಧಾನಿಯಾಗಿದ್ದಾಗ ಅಲ್ಲಿನ ಪತ್ರಿಕೆಯೊಂದು ಲೆಟಿಸ್ ಸೊಪ್ಪಿನ ಗಡ್ಡೆಯೊಂದನ್ನು ಕ್ಯಾಮೆರಾ ಮುಂದಿಟ್ಟು, ಮೊದಲು ಬಾಡುವುದು ಯಾರೆಂದು ಪಂದ್ಯ ಹೂಡಿತಂತೆ. ಸೊಪ್ಪು ಗೆದ್ದಿತು. ಆ ಆಟ ನಮ್ಮಲ್ಲಿ ನಡೆಯದು. ಗದಗಿನ ಬಿಸಿಲಿಗೆ ಹಕ್ಕರಕಿ ಸಂಜೆಯೊಳಗೆ ಬಾಡುತ್ತದೆ. ಮೂರು ದಿನದ ಮುಖ್ಯಮಂತ್ರಿಯೂ ಅದನ್ನು ಸೋಲಿಸಿಬಿಡುತ್ತಾನೆ.

ವಿರೋಧ ಪಕ್ಷವೆಂಬ ಪದ್ಧತಿಗೆ ಹೆಸರಿಟ್ಟವರೂ ಆ ಇಂಗ್ಲಿಷರೇ. 1826ರಲ್ಲಿ ಹಾಬ್‌ಹೌಸ್ ಎಂಬ ಸಂಸದ "ದೊರೆಯವರ ವಿರೋಧ ಪಕ್ಷ" ಎಂದು ಸದನದಲ್ಲಿ ಚೇಷ್ಟೆಗೆ ಅಂದ. ಎಲ್ಲರೂ ನಕ್ಕರು, ಹೆಸರು ಉಳಿದುಕೊಂಡಿತು. 1937ರಲ್ಲಿ ವಿರೋಧ ಪಕ್ಷದ ನಾಯಕನಿಗೆ ಸರಕಾರದ ಬೊಕ್ಕಸದಿಂದಲೇ ಪಗಾರ ಶುರುವಾಯಿತು. ನಮ್ಮ ಸಂಸತ್ತೂ 1977ರಲ್ಲಿ ಅದಕ್ಕೊಂದು ಕಾಯ್ದೆ ಮಾಡಿತು. ಸರಕಾರವನ್ನು ಬೈಯಲು ಸರಕಾರದ್ದೇ ಪಗಾರ, ಕಾರು, ಬಂಗಲೆ! ಹೀಗಿದ್ದೂ ಲೋಕಸಭೆಯಲ್ಲಿ 2014ರಿಂದ 2024ರವರೆಗೆ ಆ ಹುದ್ದೆ ಖಾಲಿ ಬಿತ್ತು, ಯಾವ ಪಕ್ಷಕ್ಕೂ ಬೇಕಾದಷ್ಟು ಸದಸ್ಯರಿರಲಿಲ್ಲ. ನಮ್ಮ ಕಟ್ಟೆಯವರು ಅದೇ ಕೆಲಸವನ್ನು ಸ್ವಂತ ಚಾ ಕುಡಿದು ಮಾಡುತ್ತಾರೆ.

ತಮ್ಮ ಸದನದಲ್ಲಿ ವಿರೋಧಕ್ಕೆ ಹಾಗೆ ನಕ್ಕ ಇಂಗ್ಲಿಷರು ನಮ್ಮ ಸೀಮೆಯಲ್ಲಿ ನಗಲಿಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬ ತಿರುಗಿಬಿದ್ದಾಗ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಮುಂಡರಗಿಯ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡುತ್ತ ಮಡಿದ. ಆಗ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಗದಗ ಕಂಪನಿಯದು. ಬೆಳಿಗ್ಗೆ ಎತ್ತಿನ ಬಂಡಿ ಹೂಡಿ ಹೊರಟವ ಸಂಜೆಯೊಳಗೆ ಮೂರು ಸರಕಾರಗಳನ್ನು ಬೈಯಬಹುದಾಗಿತ್ತು. ಆ ರೂಢಿ ರಕ್ತದಲ್ಲಿ ಉಳಿದಿರಬೇಕು.

ಯಾಕೆಂದರೆ ಇಲ್ಲಿ ನಿಜವಾದ ವಿರೋಧ ಯಾವತ್ತೂ ಪಕ್ಷದ ಕಚೇರಿಯಿಂದ ಹೊರಟಿಲ್ಲ ಎಂದು ನನ್ನ ಲೆಕ್ಕ. ಮಲಪ್ರಭೆಯ ಕಾಲುವೆಯ ನೀರೇ ಸರಿಯಾಗಿ ಬಾರದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಎಂಬ ಕರ ಕೇಳಿದಾಗ ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಗುಂಡೂರಾಯರಿಗೆ ಭಾರೀ ಬಹುಮತ, ಎದುರಿಗಿದ್ದವರು ಹರಿದು ಹಂಚಿಹೋದವರು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ತಾವೇ ವಿರೋಧ ಪಕ್ಷವಾದರು. ಗುಂಡು ಹಾರಿತು, ಹೆಣ ಬಿದ್ದವು. ಮುಂದೆ ರೈತ ಸಂಘ ಹುಟ್ಟಿದ್ದು, 1983ರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂದದ್ದು ಆ ಕಿಚ್ಚಿನ ಕಾವಿನಲ್ಲಿ. ಆ ಸರಕಾರದ ಕುರ್ಚಿಯಲ್ಲಿ ಕೂತವರು ಮಾತ್ರ ಆವತ್ತು ಗುಂಡಿನ ಎದುರು ನಿಂತವರಲ್ಲ.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುತ್ತದೆ, ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೊಲ ಕೊಡಬೇಕು ಎಂದಾಗ ಮುಂದೆ ನಿಂತವರು ರೈತರು ಮತ್ತು ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು. ಜುಲೈಯಲ್ಲಿ ಯಡಿಯೂರಪ್ಪನವರು ಅಲ್ಲಿನ ಭೂಸ್ವಾಧೀನವನ್ನು ಕೈಬಿಟ್ಟರು. ಆಗ ಬಿಜೆಪಿ ಸರಕಾರ. ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಿತ ಪ್ರದೇಶದ ಪಟ್ಟವನ್ನು 2016ರಲ್ಲಿ ಸರಕಾರ ಕಿತ್ತುಕೊಂಡಾಗ ಕಾಂಗ್ರೆಸ್ಸಿನ ಕಾಲ. ಮತ್ತೆ ಅದೇ ಅಜ್ಜಾರು, ಅದೇ ಧರಣಿ. 2017ರಲ್ಲಿ ಪಟ್ಟ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವೇ ಆಯಿತು. ಅಜ್ಜಾರಿಗೆ ಪಗಾರವಿರಲಿಲ್ಲ, ಸಂಪುಟ ದರ್ಜೆಯಿರಲಿಲ್ಲ, ಹೈಕಮಾಂಡ್ ಅಂತೂ ಇರಲೇ ಇಲ್ಲ. ಅವರು 2018ರಲ್ಲಿ ಲಿಂಗೈಕ್ಯರಾದರು. ಆ ಜಾಗವನ್ನು ತುಂಬಲು ಯಾವ ಪಕ್ಷವೂ ಅರ್ಜಿ ಹಾಕಿದಂತೆ ಕಾಣೆ.

ಮಠ, ರೈತ, ಕಟ್ಟೆ ಇವರೇ ವಿರೋಧದ ಕೆಲಸ ಮಾಡುತ್ತ ಹೋದರೆ ಪಗಾರ ತಗೊಳ್ಳುವವರು ಏನು ಮಾಡಬೇಕು ಎಂದು ಮೊನ್ನೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಚರ್ಚೆ ಎದ್ದಿತು. ಮಹದಾಯಿ ನದಿಯ ನೀರಿಗಾಗಿ 2015ರಲ್ಲಿ ನರಗುಂದದಲ್ಲಿ ಕೂತ ಧರಣಿಯ ಮಾತು ಬಂತು. ಅಲ್ಲಿಂದ ಮಾತು ಗದಗ–ಯಲವಿಗಿ ರೈಲಿಗೆ ಹೊರಳಿತು. ಲಕ್ಷ್ಮೇಶ್ವರದ ಮೇಲೆ ಹಾದುಹೋಗಬೇಕಾದ ಈ ರೈಲನ್ನು ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷಗಳೂ ಭಾಷಣದಲ್ಲಿ ಓಡಿಸಿವೆ, ಹಳಿಯ ಮೇಲೆ ಇನ್ನೂ ಓಡಿಲ್ಲ. ಆಳುವವರೂ ಬೇಕೆನ್ನುತ್ತಾರೆ, ಎದುರಿನವರೂ ಬೇಕೆನ್ನುತ್ತಾರೆ, ಬೇಡವೆನ್ನುವವ ಒಬ್ಬನೂ ಇಲ್ಲ. ಅಷ್ಟೊತ್ತು ಟಿಕೆಟ್ ಮಡಚುತ್ತ ಸುಮ್ಮನಿದ್ದ ಮುದುಕರೊಬ್ಬರು ಬಾಯಿ ಬಿಟ್ಟರು: "ಯಾರರ ಒಬ್ರು ರೈಲು ಬ್ಯಾಡಂತ ಧರಣಿ ಕೂಡ್ರಿ ತಮ್ಮಾ. ನಾಳೇನ ಹಳಿ ಹಾಕ್ತಾರ."

ಹಿಂದಿನ ಸೀಟಿನಿಂದ ಒಬ್ಬ ಆಗಲೇ ಪೆಂಡಾಲಿನ ಬಾಡಿಗೆ ವಿಚಾರಿಸುತ್ತಿದ್ದ.