ಪಿಳ್ಳಿ ಲಿಂಗನಿರ್ಣಯ ಚಂದ್ರಿಕೆ

ಶಾಸ್ತ್ರ ಆರಂಭಿಸುವ ಮುನ್ನ ವಿಷಯ, ಅಧಿಕಾರಿ, ಪ್ರಯೋಜನ ಮೂರನ್ನೂ ಹೇಳಬೇಕೆಂಬುದು ಪದ್ಧತಿ. ವಿಷಯ: ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಿತ್ತಲುಗಳಲ್ಲಿ ಪುಟ್ಟಿಯಡಿ ಮುಚ್ಚಿಟ್ಟ ಜವಾರಿ ಕೋಳಿಯ ಪಿಳ್ಳಿ ಹುಂಜವೋ ಹ್ಯಾಟಿಯೋ ಎಂಬುದು. ಅಧಿಕಾರಿ: ಮನೆಯ ಅವ್ವ. ಪ್ರಯೋಜನ: ಹ್ಯಾಟಿಯಾದರೆ ತತ್ತಿ, ಹುಂಜವಾದರೆ ಸಾರು. ಪಿಳ್ಳಿಗೆ ಇದರಿಂದ ಪ್ರಯೋಜನವಿಲ್ಲ. ಶಾಸ್ತ್ರಕಾರರು ಅದನ್ನು ಕೇಳಿದವರೂ ಅಲ್ಲ.

ಪೂರ್ವಾಚಾರ್ಯರಲ್ಲಿ ಏಕಮತವಿಲ್ಲ. ಉದ್ದನೆಯ ಚೂಪು ತತ್ತಿಯಲ್ಲಿ ಹೆಣ್ಣು, ಗುಂಡನೆಯದರಲ್ಲಿ ಗಂಡು ಎಂದು ಅರಿಸ್ಟಾಟಲ್ ಬರೆದ. ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಪೂರಾ ಉಲ್ಟಾ ಹೇಳಿದ. ನಮ್ಮ ಪಂಡಿತರು ಇಬ್ಬರನ್ನೂ ಓದದೆ ಎರಡೂ ವಾದಗಳನ್ನು ಒಂದೇ ಕಟ್ಟೆಯ ಮೇಲೆ ಕುಳಿತು ಮಂಡಿಸಬಲ್ಲರು. ತತ್ತಿಯ ಮೇಲೆ ಸೂಜಿ-ದಾರ ತೂಗಿಬಿಡುವ ಪಂಥ ಒಂದು. ಪಿಳ್ಳಿಯ ಕಾಲು ಹಿಡಿದು ತಲೆಕೆಳಗು ಮಾಡಿ, ತಲೆ ಎತ್ತಿದರೆ ಹುಂಜ, ಜೋತುಬಿದ್ದರೆ ಹ್ಯಾಟಿ ಎನ್ನುವ ಪಂಥ ಇನ್ನೊಂದು. ಹೇಗೆ ನೋಡಿದರೂ ಹೆಚ್ಚುಕಡಿಮೆ ಅರ್ಧದಷ್ಟು ಸಲ ಮಾತು ನಿಜವಾಗುವುದರಿಂದ ಇದುವರೆಗೆ ಒಂದು ಪಂಥವೂ ಬಾಗಿಲು ಮುಚ್ಚಿಲ್ಲ. ಮುಂದೆ ಸುರಪುರದ ಗುಡ್ಡದ ಮೇಲೆ ಮಂಜಿಲ್ ಕಟ್ಟಿಸಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಠಗರ ಗುಟ್ಟನ್ನು 1839ರಲ್ಲೇ ಕಾದಂಬರಿ ಮಾಡಿದ. ಪಿಳ್ಳಿಗಳ ಗುಟ್ಟಿನ ಮೇಲೆ ಒಂದು ಕಾದಂಬರಿಯನ್ನೂ ಬರೆಯಲಿಲ್ಲ.

ಇನ್ನು ಆಪ್ತವಾಕ್ಯ, ಎಂದರೆ ಸಂತೆಯಲ್ಲಿ ಮಾರುವವನ ಮಾತು. ತತ್ತಿಯ ಆಸೆಗೆ ಬಂದ ಮುದುಕಿಗೆ ಆತ, "ಹ್ಯಾಟಿನೇ ಅದ ಬೇ ಯವ್ವಾ, ಕಣ್ ಮುಚ್ಚಿ ತಗೊಂಡ್ ಹೋಗು" ಎನ್ನುತ್ತಾನೆ. ಬೆನ್ನಿಗೇ ದುರಗಮ್ಮನ ಹರಕೆಗೆ ಹುಂಜ ಹುಡುಕುತ್ತ ಬಂದವನಿಗೆ ಅದೇ ಪುಟ್ಟಿಗೆ ಕೈಹಾಕಿ, "ಖರೇ ಹುಂಜ ನೋಡ್ರಿ, ಕಾಲ್ ನೋಡ್ರಿ ಎಷ್ಟ್ ದಪ್ಪ ಅವ" ಎನ್ನುತ್ತಾನೆ. ಇದರಿಂದ ಪಿಳ್ಳಿಯ ಲಿಂಗ ಕೊಳ್ಳುವವನನ್ನು ಅವಲಂಬಿಸಿದೆ ಎಂದು ಸಿದ್ಧವಾಯಿತು.

ಆಧುನಿಕರ ವಾದ ಬೇರೆ. ಒಂದು ದಿನದ ಪಿಳ್ಳಿಯ ಹಿಂಬದಿಯನ್ನು ಮೆಲ್ಲಗೆ ಹೊರಳಿಸಿ ಒಳಗಿನ ಸಣ್ಣ ಗಂಟು ನೋಡಿ ಹೇಳಬಹುದೆಂದು 1920ರ ದಶಕದಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ ತೋರಿಸಿಕೊಟ್ಟರು. ಹ್ಯಾಚರಿಯವರಿಗೆ ಅದು ಹೊಟ್ಟೆಪಾಡು. ಪಳಗದ ಕೈಗೆ ಸಿಕ್ಕ ಪಿಳ್ಳಿ ಮಾತ್ರ ಹುಂಜವೂ ಆಗದೆ ಹ್ಯಾಟಿಯೂ ಆಗದೆ ಸಾಯುತ್ತದೆ. ಮನುಷ್ಯರಲ್ಲಿ ಗಂಡು-ಹೆಣ್ಣು ನಿರ್ಧಾರವಾಗುವುದು ತಂದೆಯ ವರ್ಣತಂತುವಿನಿಂದ, ಕೋಳಿಯಲ್ಲಿ ತಾಯಿಯದರಿಂದ. ಆದ್ದರಿಂದ ಹುಟ್ಟಿದವೆಲ್ಲ ಹುಂಜಗಳಾದಾಗ ಹ್ಯಾಟಿಯನ್ನು ಬೈಯುವ ಅತ್ತೆಯಂದಿರು, ಕೋಳಿಯ ವಿಷಯದಲ್ಲಿ ಮಾತ್ರ, ವೈಜ್ಞಾನಿಕವಾಗಿ ಸರಿ.

ಅವ್ವನ ಸಿದ್ಧಾಂತವೆಂದರೆ ಕಾಯುವುದು. ಆರೆಂಟು ವಾರಕ್ಕೆ ಹುಂಜದ ಜುಟ್ಟು ಉಬ್ಬಿ ಕೆಂಪೇರುತ್ತದೆ. ಆದರೂ ಆಕೆ ಬಾಯಿ ಬಿಡುವುದಿಲ್ಲ. ಮೂರು ತಿಂಗಳಾದ ಮೇಲೆ ಒಂದು ಸಂಜೆ, ಗೂಡಿಗೆ ಸೇರುವ ಹೊತ್ತಿಗೆ ಹಿಡಿದು ಕಂಕುಳಲ್ಲಿ ಅವುಚಿಕೊಂಡು, ಬಾಲದ ಬುಡದ ಪುಕ್ಕವನ್ನು ಹೆಬ್ಬೆರಳಿನಿಂದ ಬಿಡಿಸಿ ನೋಡುತ್ತಾಳೆ. ತುದಿ ಗುಂಡಗಿದ್ದರೆ ಹ್ಯಾಟಿ; ಸಪೂರವಾಗಿ ಚೂಪಾಗಿ ಮಿರುಗುತ್ತಿದ್ದರೆ ಹುಂಜ. ಈ ಪರೀಕ್ಷೆ ತಪ್ಪುವುದು ಅಪರೂಪ. ಅಳಿಯ ಬರುವ ಸುದ್ದಿ ಇದ್ದಾಗ ಮಾತ್ರ ಆಕೆಗೆ ಚೂಪು ತುದಿಗಳೇ ಹೆಚ್ಚು ಕಾಣುತ್ತವೆ.

ಇಷ್ಟಾದರೂ ನಿಶ್ಚಿಂತೆಯಿಲ್ಲ. 1474ರಲ್ಲಿ ಇಂದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ ತತ್ತಿ ಇಟ್ಟ ಅಪರಾಧಕ್ಕೆ ಒಂದು ಹುಂಜದ ವಿಚಾರಣೆ ನಡೆಸಿ ಸುಟ್ಟುಹಾಕಿದರು. ಹ್ಯಾಟಿಗೆ ಕೆಲಸಕ್ಕೆ ಬರುವುದು ಎಡಗಡೆಯ ಅಂಡಾಶಯವೊಂದೇ. ಅದು ಕೆಟ್ಟರೆ ಜುಟ್ಟು ಬೆಳೆದು ಹ್ಯಾಟಿಯೇ ಹುಂಜದಂತೆ ಕೂಗಲೂಬಹುದು ಎಂಬುದು ಬಾಸೆಲಿನವರಿಗೆ ಗೊತ್ತಿರಲಿಲ್ಲ. ಸುಟ್ಟರಲ್ಲ, ಸಾರು ಮಾಡಲಿಲ್ಲವಲ್ಲ ಎಂಬುದಷ್ಟೇ ನಮ್ಮ ಸೀಮೆಯ ವಿದ್ವಾಂಸರ ಕೊರಗು.

ಕೊನೆಯ ಪ್ರಮಾಣ ಕೂಗು. ಈ ಶಾಸ್ತ್ರದಲ್ಲಿ ಆರೋಪಿಯೇ ಬೇಲಿ ಏರಿ ತನ್ನ ವಿರುದ್ಧ ಸಾಕ್ಷಿ ಹೇಳುತ್ತದೆ. ಬೇಗ ಕೂಗಿದವು ಬೇಗ ಸಾರಾಗುತ್ತವೆ, ತಡವಾಗಿ ಕೂಗಿದವು ಸಂತಾನ ಬೆಳೆಸುತ್ತವೆ. ಈ ಲೆಕ್ಕದಲ್ಲಿ ಸುರಪುರ ಸೀಮೆಯ ಹುಂಜಗಳು ತಲೆಮಾರಿನಿಂದ ತಲೆಮಾರಿಗೆ ಮೌನಿಗಳಾಗುತ್ತಿರಬೇಕು ಎಂಬುದು ನಮ್ಮ ನಮ್ರ ಊಹೆ. ನಸುಕಿನ ನಾಲ್ಕು ಗಂಟೆಗೆ ನಮ್ಮ ಪಕ್ಕದ ಮನೆಯವರ ಹುಂಜ ಇದನ್ನು ಖಂಡಿಸಿದೆ.